ಹೆಣ್ ಪಾತ್ರದೋರು ಬಂದ್ರಾ?

ರಾತ್ರಿ ಊಟ ಆದ ಮೇಲೆ ಮೊಬೈಲಲ್ಲಿ ಹಳೇ ಇಂಗ್ಲಿಷ್ ಸೀರಿಯಲ್ ನೋಡೋ ಚಟ ನನಗೆ ಲಾಕ್‌ಡೌನ್ ಟೈಮಲ್ಲಿ ಅಂಟಿಕೊಂಡದ್ದು. ಅದರಲ್ಲೂ ಕುದುರೆ, ಅಗಲದ ಟೋಪಿ, ಪಿಸ್ತೂಲು ಇರುವ ವೆಸ್ಟರ್ನ್‌ಗಳು. 'ಗನ್‌ಸ್ಮೋಕ್' ಅಂತ ಒಂದಿದೆ. 1955ರಿಂದ 1975ರವರೆಗೆ 20 ವರ್ಷ ಓಡಿ, 635 ಕಂತು ಮುಗಿಸಿದ ಸೀರಿಯಲ್. ಊರು ಒಂದೇ, ಡಾಡ್ಜ್ ಸಿಟಿ. ಬೀದಿ ಒಂದೇ. ಮಾರ್ಷಲ್ ಒಬ್ಬನೇ. ಬದಲಾಗೋದು ವಾರವಾರ ಬರುವ ಅತಿಥಿ ನಟರು ಮಾತ್ರ. ಯಾರೋ ಹೊರಗಿನವರು ಊರಿಗೆ ಬರ್ತಾರೆ, ಏನೋ ಆಗುತ್ತೆ, ಕಂತು ಮುಗಿಯೋ ಹೊತ್ತಿಗೆ ಹೊರಟುಹೋಗ್ತಾರೆ, ಇಲ್ಲಾ ಸಾಯ್ತಾರೆ. ಎರಡು ಸಲ ಆಸ್ಕರ್ ತಗೊಂಡಿದ್ದ ಬೆಟಿ ಡೇವಿಸ್ ಕೂಡ 1966ರಲ್ಲಿ ಹಾಗೆ ಒಂದು ಕಂತಿಗೆ ಬಂದುಹೋಗಿದ್ದಾರೆ. 'ವ್ಯಾಗನ್ ಟ್ರೇನ್' ಅನ್ನೋ ಇನ್ನೊಂದು ಸೀರಿಯಲ್ಲಿನಲ್ಲಂತೂ ಹೆಚ್ಚಿನ ಕಂತುಗಳಿಗೆ ಅತಿಥಿಯ ಪಾತ್ರದ ಹೆಸರನ್ನೇ ಇಡುತ್ತಿದ್ದರು.

ಹೊರಗಿನವರು ಬರದಿದ್ದರೆ ಆ ಊರಲ್ಲಿ ಕತೆಯೇ ಇಲ್ಲ ಅಂತ ನಾನು ಅಂದುಕೊಳ್ಳುತ್ತಿದ್ದಾಗಲೇ ದೊಡ್ಡಪ್ಪನ ಫೋನ್ ಬಂತು.

"ಶನಿವಾರ ನಾಟಕ ಕಣವ್ವ. ಕುರುಕ್ಷೇತ್ರ. ಹುಡುಗ್ರೆಲ್ಲ ಪಾತ್ರ ತಗೊಂಡವ್ರೆ, ಕಾರು ಓಡ್ಸೋಕೆ ಯಾರೂ ಇಲ್ಲ. ನೀನು ಹೆಂಗೂ ಬರ್ತೀಯಲ್ಲ, ಕುಣಿಗಲ್‌ಗೋಗಿ ಹೆಣ್ ಪಾತ್ರದೋರ್ನ ಕರ್ಕೊಂಡ್ ಬಂದ್ಬಿಡು."

ನಮ್ಮೂರು ಗುಬ್ಬಿ ತಾಲೂಕಲ್ಲಿ, ಗುಬ್ಬಿಯಿಂದ ಸಿ.ಎಸ್. ಪುರದ ಕಡೆ ಹೋಗುವ ರಸ್ತೆಯಿಂದ ಒಳಗೆ. ಹೆಸರು ಹೇಳಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ಅಲ್ಲಿ ನಾಟಕ ಅಂದರೆ ಬೆಂಗಳೂರಲ್ಲಿ ನೀವು ಟಿಕೆಟ್ ತಗೊಂಡು ನೋಡೋ ಒಂದೂವರೆ ಗಂಟೆಯ ನಾಟಕ ಅಲ್ಲ. ರಾತ್ರಿ ಒಂಬತ್ತಕ್ಕೆ ಶುರುವಾದರೆ ಬೆಳಗ್ಗೆ ಕೋಳಿ ಕೂಗಿದ ಮೇಲೂ ಗದಾಯುದ್ಧ ನಡೀತಿರುತ್ತೆ. ಪಾತ್ರ ಮಾಡುವವರು ಸಂಬಳ ತಗೊಳ್ಳಲ್ಲ, ತಾವೇ ದುಡ್ಡು ಕೊಟ್ಟು ಪಾತ್ರ ತಗೋತಾರೆ. ನಮ್ಮೂರಲ್ಲಿ ಈ ಸಲ ದುರ್ಯೋಧನ 40 ಸಾವಿರ, ಕೃಷ್ಣ 35. ಭೀಮನಿಗೂ ಹೆಚ್ಚೂಕಮ್ಮಿ ಅಷ್ಟೇ. ವಿದುರ, ಸಹದೇವರೆಲ್ಲ ಅಗ್ಗ. ಆ ದುಡ್ಡಲ್ಲಿ ಸೀನರಿ, ಡ್ರೆಸ್ಸು, ಮೈಕು, ಮೂರು ತಿಂಗಳು ಊರಲ್ಲೇ ಇದ್ದು ಹಾಡು ಕಲಿಸೋ ಹಾರ್ಮೋನಿಯಂ ಮೇಷ್ಟ್ರ ಖರ್ಚು, ಎಲ್ಲ ನಡೀಬೇಕು. ಟ್ರ್ಯಾಕ್ಟರ್ ಓಡಿಸುವ ಹುಡುಗ ಮೂರು ತಿಂಗಳು ಕಂದಪದ್ಯ ಗುನುಗುತ್ತಾ ಉಳುಮೆ ಮಾಡುತ್ತಾನೆ.

ದುಡ್ಡು ಕೊಡದೆ, ದುಡ್ಡು ತಗೊಂಡು ಪಾತ್ರ ಮಾಡೋರು ಇಬ್ಬರೋ ಮೂವರೋ ಮಾತ್ರ. ದ್ರೌಪದಿ, ಕುಂತಿ, ರುಕ್ಮಿಣಿ, ಉತ್ತರೆ. ಊರಿನ ಹೆಣ್ಣುಮಕ್ಕಳು ಸ್ಟೇಜ್ ಹತ್ತಲ್ಲವಲ್ಲ, ಅದಕ್ಕೆ ಹೊರಗಿನಿಂದ ಕಲಾವಿದೆಯರನ್ನು ಒಂದು ರಾತ್ರಿಗೆ ಕರೆಸುತ್ತಾರೆ. ಕರಪತ್ರದಲ್ಲಿ 'ಅತಿಥಿ ಕಲಾವಿದೆಯರು' ಅಂತ ಅಚ್ಚಾಗುತ್ತೆ. ಊರ ಬಾಯಲ್ಲಿ 'ಹೆಣ್ ಪಾತ್ರದೋರು'.

ಒಂಬತ್ತು ವರ್ಷದವಳಿದ್ದಾಗ ನನಗೆ ಉತ್ತರೆ ಆಗಬೇಕು ಅಂತ ಆಸೆ ಇತ್ತು. ಪ್ರಾಕ್ಟೀಸ್ ನಡೆಯುವ ಸ್ಕೂಲ್ ಕಿಟಕಿಯಲ್ಲಿ ನೇತಾಡಿಕೊಂಡು ಆ ಹಾಡೆಲ್ಲ ಬಾಯಿಪಾಠ ಮಾಡಿದ್ದೆ. ಅಜ್ಜಿ ಕಿವಿ ಹಿಂಡಿ ಮನೆಗೆ ಎಳಕೊಂಡು ಬಂದಿತ್ತು. ಈಗ ಮೂವತ್ತೊಂದು ನನಗೆ. ದೊಡ್ಡಪ್ಪ ಕೊಟ್ಟ ಪಾತ್ರ ಡ್ರೈವರ್.

ಶನಿವಾರ ಬೆಳಗ್ಗೆ ಬೆಂಗಳೂರು ಬಿಟ್ಟಾಗ ಇನ್ನೂ ನಸುಕು. ಶಿವರಾತ್ರಿ ಕಳೆದು ಎರಡು ವಾರ ಆಗಿತ್ತು, ಬಿಸಿಲಿಗೆ ಆಗಲೇ ಹಲ್ಲು ಬಂದಿತ್ತು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನದೆ ತುಮಕೂರು ಒಳಗೆ ಹೋಗೋದು ನಮ್ಮ ಮನೆತನದಲ್ಲೇ ಇಲ್ಲ. ಎರಡು ಇಡ್ಲಿ, ಮೇಲೆ ಬೆಣ್ಣೆ, ಒಂದು ವಡೆ. ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬರೆಯಲ್ಲ.

ತುಮಕೂರಲ್ಲಿ ಒಂದು ಕಿರೀಟ ತರೋದಿತ್ತು. ಸೀನರಿ ಲಾರಿ ಹಿಂದಿನ ದಿನವೇ ಊರು ಸೇರಿತ್ತು, ಆದರೆ ದುರ್ಯೋಧನ ಮಾಡ್ತಿರೋ ನಮ್ಮ ಊರಿನವರ ತಲೆ ದೊಡ್ಡದು, ಕಿರೀಟ ಹಿಡಿಸಿರಲಿಲ್ಲ. ಈ ನಗರವನ್ನು ನೀವು ಹೈವೇ ಮೇಲಿಂದ ಮಾತ್ರ ನೋಡಿದ್ದರೆ ಕಾಲೇಜು, ಮಠ, ಫ್ಯಾಕ್ಟರಿ ಕಾಣುತ್ತೆ. ಒಳಗಿನ ಬೀದಿಗಳಲ್ಲಿ ಇನ್ನೊಂದು ತುಮಕೂರಿದೆ. ಮಹಡಿ ಮೇಲಿನ ಒಂದು ರೂಮಲ್ಲಿ ಗೋಡೆ ತುಂಬ ಗದೆ, ಬಿಲ್ಲು, ಭುಜಕೀರ್ತಿ. ಒಂದು ಮೂಲೆಯಲ್ಲಿ ಸುತ್ತಿಟ್ಟ ಪರದೆಗಳು: ಅರಮನೆ, ಕಾಡು, ಬೀದಿ, ಕೈಲಾಸ. ಅಂಗಡಿಯವರು ಟೇಪು ಹಿಡಿದು ಅಳೆಯೋದಕ್ಕೆ ತಲೆ ಎಲ್ಲಿ ಅಂದರು. ವಾಟ್ಸಾಪಲ್ಲಿ ದುರ್ಯೋಧನನ ಫೋಟೋ ತೋರಿಸಿದೆ. "ಓ, ಇದಕ್ಕೆ ದೊಡ್ಡ ಸೈಜೇ ಬೇಕು" ಅಂತ ಒಂದೇ ನೋಟಕ್ಕೆ ಆರಿಸಿ ಕೊಟ್ಟರು.

ಡಾ. ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಆಗಾಗ ದಿನಗಟ್ಟಲೆ ಪೌರಾಣಿಕ ನಾಟಕ ನಡೆಯುತ್ತೆ. ಒಂದೂರಿನ ತಂಡ ಇಳಿದರೆ ಇನ್ನೊಂದೂರಿನದು ಹತ್ತುತ್ತೆ. ಕಲಾಕ್ಷೇತ್ರಕ್ಕೆ ಆ ಹೆಸರು ಯಾಕೆ ಬಂತು ಅಂತ ಈ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ, ಆದರೂ ಗುಬ್ಬಿಗೆ ಬಂದಾಗ ಹೇಳದೇ ಇರೋಕಾಗಲ್ಲ.

ತುಮಕೂರಿಂದ ಗುಬ್ಬಿ ಇಪ್ಪತ್ತು ಕಿಲೋಮೀಟರ್ ಆಸುಪಾಸು. ದಾರಿಯುದ್ದಕ್ಕೂ ತೆಂಗು, ಅಡಿಕೆ. ಈಗ ಗುಬ್ಬಿ ಅಂದರೆ ಆಫೀಸಲ್ಲಿ ಜನ "ಹೆಲಿಕಾಪ್ಟರ್ ಫ್ಯಾಕ್ಟರಿ ಇದೆಯಲ್ಲ ಅದಾ?" ಅಂತಾರೆ. ಹೌದು, ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಕಾರ್ಖಾನೆ 2023ರಲ್ಲಿ ಉದ್ಘಾಟನೆ ಆಯಿತು. ನಮ್ಮಜ್ಜಿ ಕಾಲದವರಿಗೆ ಗುಬ್ಬಿ ಅಂದರೆ ಕಂಪನಿ.

ಆ ಕಂಪನಿ ಶುರುವಾದದ್ದೂ ನಮ್ಮೂರ ನಾಟಕದ ಹಾಗೆಯೇ, ಊರಿನ ಒಂದಷ್ಟು ಜನ ಆಸಕ್ತಿಗೆ ಸೇರಿ. 1884ರಲ್ಲಿ. ಊರ ದೇವರ ಹೆಸರೇ ಇಟ್ಟರು: ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ. ಹುಡುಗನಾಗಿದ್ದಾಗಲೇ ಸೇರಿದ ವೀರಣ್ಣ ಮುಂದೆ ಅದರ ಒಡೆಯರೇ ಆದರು. 'ಸದಾರಮೆ'ಯಲ್ಲಿ ಅವರ ಕಳ್ಳನ ಪಾತ್ರ ನೋಡಲು ಜನ ಎತ್ತಿನ ಗಾಡಿ ಕಟ್ಟಿಕೊಂಡು ಬರ್ತಿದ್ದರಂತೆ. 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಅಲ್ಲಿ ಪಾತ್ರ ಮಾಡುತ್ತಿದ್ದರು, ಜೊತೆಗೆ ಬಂದ ಅವರ ಮಗ ಅಲ್ಲೇ ಬಣ್ಣ ಹಚ್ಚಿಕೊಂಡು ಬೆಳೆದು, 1954ರಲ್ಲಿ 'ಬೇಡರ ಕಣ್ಣಪ್ಪ' ಮಾಡಿ ರಾಜ್‌ಕುಮಾರ್ ಆದರು. ಜಿ.ವಿ. ಅಯ್ಯರ್, ಬಿ.ವಿ. ಕಾರಂತ, ತಿಪಟೂರಿನ ನರಸಿಂಹರಾಜು, ಹೆಸರು ಹೇಳುತ್ತಾ ಹೋದರೆ ಊರು ತಲುಪಲ್ಲ.

ನನಗೆ ಬೇಕಾದದ್ದು ಬೇರೆ ವಿಷಯ. ಒಂದು ಕಾಲಕ್ಕೆ ಕಂಪನಿ ನಾಟಕಗಳಲ್ಲಿ ಹೆಣ್ಣು ಪಾತ್ರವನ್ನು ಗಂಡಸರೇ ಮಾಡುತ್ತಿದ್ದರು. ಆ ಪದ್ಧತಿ ಮುರಿದು ಹೆಂಗಸರನ್ನೇ ರಂಗಕ್ಕೆ ತಂದವರಲ್ಲಿ ಗುಬ್ಬಿ ಕಂಪನಿಯದು ದೊಡ್ಡ ಹೆಸರು. ವೀರಣ್ಣನವರ ಹೆಂಡತಿ ಬಿ. ಜಯಮ್ಮ ಹಾಡಿ ನಟಿಸಿ ನಾಡಿಗೇ ಹೆಸರಾದವರು, ಆಮೇಲೆ ಸಿನಿಮಾಕ್ಕೂ ಹೋದವರು. ವೀರಣ್ಣನವರಿಗೆ ಪದ್ಮಶ್ರೀ ಬಂದದ್ದು 1972ರಲ್ಲಿ, ಅದೇ ವರ್ಷ ತೀರಿಕೊಂಡರು. ಮೊಮ್ಮಗಳು ಬಿ. ಜಯಶ್ರೀ ಅವರಿಗೂ 2013ರಲ್ಲಿ ಪದ್ಮಶ್ರೀ ಬಂತು. ಇಷ್ಟೆಲ್ಲ ನಡೆದದ್ದು ನಮ್ಮದೇ ತಾಲೂಕಿನ ಕಂಪನಿಯಲ್ಲಿ. ಅಲ್ಲಿಂದ ಕೆಲವೇ ಮೈಲಿ ಆಚೆ ಇರುವ ನಮ್ಮೂರಲ್ಲಿ ಇವತ್ತಿಗೂ ಉತ್ತರೆಯನ್ನು ಬಾಡಿಗೆ ಕಾರಲ್ಲಿ ತರಬೇಕು. ಬೇರೆ ಕಡೆ ಈಗ ಹೆಂಗಸರೇ ಸೇರಿ, ಭೀಮ ದುರ್ಯೋಧನರನ್ನೂ ತಾವೇ ಮಾಡಿ ಕುರುಕ್ಷೇತ್ರ ಆಡುವುದಿದೆ. ನಮ್ಮೂರಿಗೆ ಆ ಗಾಳಿ ಬೀಸಿಲ್ಲ.

ಗುಬ್ಬಿ ಪೇಟೆಯಲ್ಲಿ ಫ್ಲೆಕ್ಸ್ ತಗೊಂಡೆ. ದುರ್ಯೋಧನನ ಮುಖ ಎರಡಡಿ, ಕೃಷ್ಣನದು ಒಂದೂವರೆ, ಎಂಎಲ್‌ಎ ಮುಖ ಮೂರಡಿ. ಅತಿಥಿ ಕಲಾವಿದೆಯರ ಹೆಸರು ಕೊನೇ ಸಾಲಲ್ಲಿ, ಮೈಕ್‌ಸೆಟ್ಟಿನವರ ಮೇಲೆ.

ಊರಿಗೆ ಹೋಗಿ ಫ್ಲೆಕ್ಸು, ಕಿರೀಟ ಇಳಿಸಿ, ಮುದ್ದೆ ಊಟ ಮಾಡಿ ಮಧ್ಯಾಹ್ನ ಮೂರಕ್ಕೆ ಕುಣಿಗಲ್ ದಾರಿ ಹಿಡಿದೆ. ಒಳರಸ್ತೆ, ಗಂಟೆಗೂ ಮೇಲೆ ಹಿಡೀತು. ಕುಣಿಗಲ್ ಈ ಕಡೆಯ ನಾಟಕದವರಿಗೆ ಅನುಕೂಲದ ಊರು. ಬೆಂಗಳೂರು–ಹಾಸನದ ಹೆದ್ದಾರಿ ಅಲ್ಲಿ ಹಾಯುತ್ತೆ, ತುಮಕೂರಿಂದ ಮದ್ದೂರಿಗೆ ಹೋಗೋ ರಸ್ತೆಯೂ ಅಲ್ಲೇ ಹಾಯುತ್ತೆ. ಯಾವ ಕಡೆಯಿಂದ ಬಂದರೂ ಬಸ್‌ಸ್ಟ್ಯಾಂಡಲ್ಲಿ ಇಳಿದರೆ ಸಾಕು, ಯಾರಾದರೂ ಬಂದು ಕರಕೊಂಡು ಹೋಗ್ತಾರೆ.

ಬಸ್ಸು ತಡ ಅಂತ ಫೋನ್ ಬಂತು. ಅಷ್ಟರಲ್ಲಿ ಕೆರೆ ನೋಡಿಕೊಂಡು ಬಂದೆ. ಜನಪದರ ಹಾಡಿಗೆ ವಸ್ತುವಾದ ಕೆರೆ, ಬೇಸಿಗೆ ಮುಂಚಿನ ನೀರು ಇನ್ನೂ ಇತ್ತು, ಏರಿ ಮೇಲೆ ಒಳ್ಳೇ ಗಾಳಿ. ಆಮೇಲೆ ಸ್ಟಡ್ ಫಾರಂ ಕಡೆ ಒಂದು ಸುತ್ತು. ಟಿಪ್ಪು ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕಿದ ಜಾಗ, ಆಮೇಲೆ ರೇಸ್ ಕುದುರೆಗಳದ್ದು. ಒಳಗೆ ಸುಮ್ಮನೆ ಬಿಡಲ್ಲ. ಬೇಲಿಯಾಚೆ ದೂರದಲ್ಲಿ ಎರಡು ಕಂದು ಕುದುರೆ ಬಾಲ ಬೀಸುತ್ತಾ ನಿಂತಿದ್ದವು. ದಿನಾ ಮೊಬೈಲಲ್ಲಿ ಕುದುರೆ ನೋಡುವ ನನಗೆ ನಿಜವಾದ ಕುದುರೆ ಇಷ್ಟು ಸೋಮಾರಿ ಅಂತ ಗೊತ್ತಿರಲಿಲ್ಲ.

ಐದೂಕಾಲಿಗೆ ಮದ್ದೂರು ಕಡೆಯ ಬಸ್ಸಿಂದ ಒಬ್ಬರೇ ಇಳಿದರು. ಐವತ್ತರ ಹತ್ತಿರ ವಯಸ್ಸು, ನೈಲಾನ್ ಸೀರೆ, ಒಂದು ಏರ್‌ಬ್ಯಾಗು, ಒಂದು ತಗಡಿನ ಪೆಟ್ಟಿಗೆ. ನನ್ನ ನೋಡಿ ಹಿಂದೆ ಮುಂದೆ ಹುಡುಕಿದರು.

"ಗಂಡಸ್ರು ಯಾರೂ ಬರ್ಲಿಲ್ವಾ ಮೇಡಂ?"

"ಎಲ್ರೂ ಪಾತ್ರದಲ್ಲಿದಾರೆ ಅಕ್ಕ. ಇನ್ನೊಬ್ರು ಎಲ್ಲಿ?"

ಇನ್ನೊಬ್ಬರು ಬರಲ್ಲ. ಮಗುವಿಗೆ ಜ್ವರ, ಆಸ್ಪತ್ರೆಗೆ ಸೇರಿಸಿದ್ದಾರೆ ಅಂತ ದಾರಿಯಲ್ಲಿ ಇವರಿಗೆ ಫೋನ್ ಬಂದಿತ್ತು. ಇವರದು ದ್ರೌಪದಿ ಮತ್ತು ಕುಂತಿ. ಆ ಹುಡುಗಿಯದು ರುಕ್ಮಿಣಿ ಮತ್ತು ಉತ್ತರೆ. ನಾನು ದೊಡ್ಡಪ್ಪನಿಗೆ ಫೋನ್ ಮಾಡಿದೆ. ಆ ಕಡೆ ಎರಡು ನಿಮಿಷ ಬರೀ ಬೈಗುಳ. ಅಕ್ಕ ಕೈ ಚಾಚಿ ಫೋನ್ ತಗೊಂಡರು.

"ಅಣ್ಣಾ, ಗಾಬರಿ ಆಗ್ಬೇಡಿ. ನಾಲ್ಕೂ ನಾನೇ ಮಾಡ್ತೀನಿ. ಯಾವ್ದೂ ಒಂದೇ ಸೀನಲ್ಲಿ ಬರಲ್ಲ. ಸೀರೆ ಬದಲಾಯ್ಸೋಕೆ ಟೈಮ್ ಕೊಡ್ಸಿ ಸಾಕು."

ಕಾರಲ್ಲಿ ಕೂತ ಮೇಲೆ ಕೇಳಿದೆ, ಎಷ್ಟು ವರ್ಷದಿಂದ ಮಾಡ್ತಿದೀರ? ಇಪ್ಪತ್ತೆಂಟು. ಕುರುಕ್ಷೇತ್ರ ಎಷ್ಟು ಸಲ ಆಗಿರಬಹುದು? "ಎಣಿಸ್ದೋರ್ಯಾರು ಮಗಾ." ಸಂಕ್ರಾಂತಿ ಕಳೆದ ಮೇಲೆ ಮಳೆ ಬರೋವರೆಗೆ ಸೀಸನ್. ಕೆಲವು ವಾರ ದಿನಾ ರಾತ್ರಿ. ಮಳೆಗಾಲದಲ್ಲಿ ಮನೇಲಿ ಬ್ಲೌಸ್ ಹೊಲೀತಾರೆ. ಊರಿಂದ ಊರಿಗೆ ಕುರುಕ್ಷೇತ್ರದ ಮಾತು ಒಂಚೂರು ಬೇರೆ ಇರುತ್ತೆ, ಮೇಷ್ಟ್ರ ಪಾಠದ ಮೇಲೆ. ಅದಕ್ಕೇ ಮೊದಲು ಮೇಷ್ಟ್ರು ಯಾರು ಅಂತ ಕೇಳ್ತಾರಂತೆ. ಹೆಸರು ಹೇಳಿದೆ. "ಓ, ಅವ್ರಾ? ಹಂಗಾದ್ರೆ ದ್ರೌಪದಿ ಹಾಡು ಮೋಹನದಲ್ಲಿ" ಅಂದು ಕಣ್ಣು ಮುಚ್ಚಿ ಶ್ರುತಿ ಹಿಡಿದು ನೋಡಿಕೊಂಡರು. ಆಮೇಲೆ ಊರು ಬರೋವರೆಗೆ ಗೊರಕೆ. ಪ್ರಾಕ್ಟೀಸ್ ಇಲ್ಲ, ರಿಹರ್ಸಲ್ ಇಲ್ಲ. ನಮ್ಮ ಗಂಡಸರು ಮೂರು ತಿಂಗಳು ಕಲಿತದ್ದರ ಎದುರಿಗೆ ಇವರು ನೇರ ಬಸ್ಸಿಂದ ಇಳಿದು ನಿಲ್ಲಬೇಕು.

ಬಣ್ಣದ ಮನೆ ಅಂದರೆ ನಮ್ಮೂರ ಪ್ರೈಮರಿ ಸ್ಕೂಲಿನ ಎರಡನೇ ಕ್ಲಾಸು. ಹದಿನೆಂಟು ಗಂಡಸರು, ಒಂದು ಕನ್ನಡಿ, ಇಬ್ಬರು ಮೇಕಪ್‌ನವರು. ಅಕ್ಕನಿಗೆ ಅಂತ ಒಂದು ಮೂಲೆಗೆ ಪಂಚೆ ಕಟ್ಟಿದ್ದರು, ಅದರ ಹಿಂದೆ ಬೀಡಿ ಸೇದುತ್ತಾ ಶಕುನಿ ಕೂತಿದ್ದ. ಸ್ಕೂಲಿನ ಟಾಯ್ಲೆಟ್ಟಿಗೆ ಬೀಗ, ಬೀಗದ ಕೈ ಯಾರ ಹತ್ತಿರ ಇದೆಯೋ ಗೊತ್ತಿಲ್ಲ. ಇಷ್ಟು ವರ್ಷ ಬಂದ ಹೆಣ್ ಪಾತ್ರದೋರು ಏನು ಮಾಡಿದರು ಅಂತ ನಾನು ಯಾವತ್ತೂ ಯೋಚನೆ ಮಾಡಿರಲಿಲ್ಲ. ಮನೆಗೆ ಕರಕೊಂಡು ಹೋದೆ.

ಅಜ್ಜಿ ನಡುಮನೆಯಲ್ಲಿ ಕೂತಿತ್ತು. ಅಕ್ಕ ಹಿತ್ತಲಿಂದ ಬಂದು ಮುಖ ತೊಳೆದುಕೊಂಡರು. ಊಟಕ್ಕೆ ತಟ್ಟೆ ಹಾಕುವ ಹೊತ್ತಿಗೆ ಅಜ್ಜಿ ನನ್ನ ಕಡೆ ನೋಡದೇನೇ ಹೇಳಿತು: "ಅವ್ರಿಗೆ ಜಗಲಿ ಮೇಲೆ ಹಾಕ್ಕೊಡು. ಗಾಳಿ ಬರ್ತೈತೆ."

ಅಕ್ಕ ನನಗಿಂತ ಮುಂಚೆ ಅರ್ಥ ಮಾಡಿಕೊಂಡು ಎದ್ದಿದ್ದರು. ನಾನೂ ನನ್ನ ತಟ್ಟೆ ತಗೊಂಡು ಜಗಲಿಗೆ ಹೋದೆ. ಅದೇನು ದೊಡ್ಡ ಸಾಹಸ ಅಲ್ಲ, ಅಜ್ಜಿಗೆ ಎದುರು ಮಾತಾಡುವ ಧೈರ್ಯ ಇರಲಿಲ್ಲ ಅಷ್ಟೇ. ಅಕ್ಕ ಅನ್ನ ಜಾಸ್ತಿ ತಿನ್ನಲಿಲ್ಲ. ಹೊಟ್ಟೆ ತುಂಬಿದರೆ ಹಾಡು ಮೇಲೇಳಲ್ಲ ಅಂದರು.

ಒಂಬತ್ತೂವರೆಗೆ ಪ್ರಾರ್ಥನೆ. ಹತ್ತಕ್ಕೆ ಎಂಎಲ್‌ಎ ಕಡೆಯವರ ಸನ್ಮಾನ, ಹನ್ನೊಂದರವರೆಗೂ ಸನ್ಮಾನ. ಪರದೆ ಎದ್ದ ಮೇಲೆ ನಾನು ಸ್ಟೇಜ್ ಪಕ್ಕದಲ್ಲೇ ಇದ್ದೆ, ಕೈಯಲ್ಲಿ ಅಕ್ಕನ ಮೂರು ಸೀರೆ, ಎರಡು ಚೌರಿ, ಪಿನ್ನಿನ ಡಬ್ಬಿ. ಒಂಬತ್ತು ವರ್ಷದವಳಿಗೆ ಕಿಟಕಿಯಾಚೆ ಇದ್ದ ಜಾಗಕ್ಕೆ ಕೊನೆಗೂ ಬಂದು ನಿಂತಿದ್ದೆ.

ರುಕ್ಮಿಣಿಗೆ ಹಸಿರು ಸೀರೆ, ಎರಡು ಹಾಡು, ಕೃಷ್ಣನ ಪಾತ್ರದ ಗ್ರಾಮ ಪಂಚಾಯ್ತಿ ಮೆಂಬರ್ ಶ್ರುತಿ ಬಿಟ್ಟಾಗಲೆಲ್ಲ ಅಕ್ಕ ತಮ್ಮ ದನಿ ಒಂಚೂರು ಏರಿಸಿ ಅವರನ್ನು ಒಳಕ್ಕೆ ಎಳಕೊಳ್ಳುತ್ತಿದ್ದರು. ದ್ರೌಪದಿಗೆ ಚೌರಿ ಬಿಚ್ಚಿದ ಕೂದಲು. ಭೀಮನಿಗೆ ಗದೆ ಕೈಯಲ್ಲಿದೆ, ಮಾತು ಮಾತ್ರ ಕೈಗೆ ಸಿಗುತ್ತಿಲ್ಲ. ಅಕ್ಕ ಬೆನ್ನು ಜನರ ಕಡೆ ತಿರುಗಿಸಿ, ಅಳುವ ಹಾಗೆ ಮುಖ ಮುಚ್ಚಿಕೊಂಡು, ಸೆರಗಿನ ಒಳಗಿಂದ ಅವನ ಮೊದಲ ಮೂರು ಪದ ಹೇಳಿದರು. ಭೀಮ ಗುಡುಗಿದ. "ವನ್ಸ್ ಮೋರ್!" ಅಂತ ಜನ ಕೂಗಿದರು. ಭೀಮನ ಮಾವಂದಿರು ಬಂದು ಅವನಿಗೆ ನೋಟಿನ ಹಾರ ಹಾಕಿದರು. ಅಕ್ಕ ಪಕ್ಕಕ್ಕೆ ಸರಿದು, ಹಾರ ಹಾಕೋವರೆಗೂ ಹಾಗೇ ಅಳುತ್ತಾ ನಿಂತಿದ್ದರು.

ಎರಡೂವರೆಗೆ ಅಭಿಮನ್ಯು. ಅವನು ನನ್ನ ಚಿಕ್ಕಪ್ಪನ ಮಗ, ಇಪ್ಪತ್ತನಾಲ್ಕು ವರ್ಷ, ತುಮಕೂರಲ್ಲಿ ಮೊಬೈಲ್ ಅಂಗಡಿ. ಎದುರಿಗೆ ಉತ್ತರೆಯಾಗಿ ಅವನ ಅಮ್ಮನ ವಯಸ್ಸಿನ ಹೆಂಗಸು. ಹುಡುಗರ ಗುಂಪಲ್ಲಿ ನಗು ಶುರುವಾಯಿತು, ಯಾರೋ ಶಿಳ್ಳೆ ಹಾಕಿದರು. ಅಭಿಮನ್ಯುವಿಗೆ ಎಲ್ಲ ಮರೆತುಹೋಯಿತು. ಹಾರ್ಮೋನಿಯಂ ಮೇಷ್ಟ್ರು ಒಂದೇ ಸ್ವರ ಹಿಡಿದು ಕಾಯುತ್ತಿದ್ದಾರೆ. ನನಗೆ ಆ ಮಾತು ಬರುತ್ತಿತ್ತು, ಇಪ್ಪತ್ತೆರಡು ವರ್ಷದ ಹಿಂದಿನದು, ಬಾಯಿ ತುದಿಯಲ್ಲೇ ಇತ್ತು, ಕೂಗೋಣ ಅಂದರೆ ಗಂಟಲು ಕಟ್ಟಿತ್ತು.

ಅಕ್ಕ ನಿಧಾನಕ್ಕೆ ಅವನ ಹತ್ತಿರ ಬಂದು ಕೇಳಿದರು: "ಏಕೆ ಮೌನ ಪ್ರಾಣಕಾಂತ? ಚಕ್ರವ್ಯೂಹವನ್ನು ಹೊಗಲು ಹೊರಟೆನೆಂದು ಹೇಳಲು ನಿಮಗೆ ಬಾಯಿ ಬಾರದೆ? ಹೊರಬರುವ ದಾರಿ ಅರಿಯೆನೆಂಬುದನ್ನು ನನ್ನಿಂದ ಮುಚ್ಚಿಡುವಿರಾ?"

ಅದು ಪುಸ್ತಕದಲ್ಲಿ ಇಲ್ಲ. ಅವನ ಮಾತನ್ನೇ ಪ್ರಶ್ನೆ ಮಾಡಿ ಅವನ ಕೈಗೆ ಕೊಟ್ಟಿದ್ದರು. ಹುಡುಗ "ಹೌದು ಪ್ರಿಯೆ" ಅಂದ, ಆಮೇಲೆ ದಾರ ಸಿಕ್ಕಿತು, ಹಾಡೂ ಬಂತು. ಉತ್ತರೆ ಹಾಡುವ ಹೊತ್ತಿಗೆ ಶಿಳ್ಳೆ ಹಾಕಿದ ಮೂಲೆ ತಣ್ಣಗಾಗಿತ್ತು. ಆ ಹಾಡಿನ ಕೊನೇ ಸಾಲಿಗೆ ಅವರು ಹದಿನಾರರ ಹುಡುಗಿಯೇ.

ಉತ್ತರೆಯಿಂದ ಕುಂತಿಗೆ ಏಳು ನಿಮಿಷ. ಬಿಳಿ ಸೀರೆ ಉಡಿಸುತ್ತಾ ನೋಡಿದೆ, ಬಲಗಾಲು ಊದಿಕೊಂಡಿತ್ತು. "ಮಂಡಿ" ಅಂದರು, "ಪಿನ್ನು ಆ ಕಡೆ ಹಾಕು." ನಾಲ್ಕೂ ಕಾಲಿಗೆ ಕರ್ಣನ ಎದುರು ಕುಂತಿ. ಆ ಸೀನು ಊರಿಗೆ ಊರೇ ಕಾಯುವ ಸೀನು. ಮುಂದಿನ ಸಾಲಲ್ಲಿ ಹೆಂಗಸರೆಲ್ಲ ಕಂಬಳಿ ಹೊದ್ದು ಕೂತಿದ್ದರು. ನಮ್ಮಜ್ಜಿ ಸೆರಗಲ್ಲಿ ಮೂಗು ಒರೆಸಿಕೊಳ್ಳುತ್ತಾ, ಪಕ್ಕದ ಹುಡುಗನ ಕೈಯಲ್ಲಿ ಹತ್ತು ರೂಪಾಯಿ ಸ್ಟೇಜಿಗೆ ಕಳಿಸಿತು. ಮೈಕಲ್ಲಿ ಹೆಸರು ಹೇಳಿದರು, ಕುಂತಿ ಪಾತ್ರಕ್ಕೆ ಹತ್ತು ರೂಪಾಯಿ ಮುಯ್ಯಿ ಅಂತ.

ಬೆಳಗ್ಗೆ ಆರೂವರೆಗೆ ದುರ್ಯೋಧನ ಬಿದ್ದ. ಕಿರೀಟ ಮಾತ್ರ ಕೊನೇವರೆಗೂ ಅಲುಗಾಡಲಿಲ್ಲ, ಅಂಗಡಿಯವರ ಕಣ್ಣಳತೆಗೆ ಶರಣು.

ಸ್ಕೂಲಿನ ಜಗಲಿಯಲ್ಲಿ ಲೆಕ್ಕ ನಡೆಯಿತು. ಅಕ್ಕನಿಗೆ ಮಾತಾಗಿದ್ದದ್ದು 6,000. ಬಾರದೇ ಇದ್ದ ಹುಡುಗಿಗೆ 5,000. ದೊಡ್ಡಪ್ಪ ಕವರಲ್ಲಿ ಆರು ಸಾವಿರ ಇಟ್ಟು ಕೊಟ್ಟರು.

"ಅಣ್ಣಾ, ನಾಲ್ಕು ಪಾತ್ರ ಆಯ್ತು. ಮೂರು ಸಾವ್ರ ಸೇರ್ಸಿ."

"ಮಾತಾಡಿದ್ದು ಅಷ್ಟೇ ಅಲ್ವೇನಮ್ಮಾ? ಎರಡನೇವ್ರು ಬರ್ದೇ ಇದ್ದದ್ದು ನಮ್ ತಪ್ಪಾ?"

"ಅಭಿಮನ್ಯು ನಿಂತೇ ಬಿಟ್ಟಿದ್ದ ದೊಡ್ಡಪ್ಪ" ಅಂದೆ ನಾನು. "ಅವ್ರಿಲ್ದಿದ್ರೆ ನಾಟಕ ಎಲ್ಲಿ ನಡೀತಿತ್ತು?"

"ನಿಂಗೇನ್ ಗೊತ್ತವ್ವ ಖರ್ಚು? ಪಟಾಕಿಗೇ ಎಂಟು ಸಾವ್ರ ಆಗೈತೆ."

ನೋಟಿನ ಹಾರಗಳು ಪಕ್ಕದ ಬೆಂಚಿನ ಮೇಲೇ ಇದ್ದವು. ಬಹಳ ಹೊತ್ತು ಜಗ್ಗಾಡಿ ಒಂದು ಸಾವಿರ ಸೇರಿಸಿದರು. ಅಕ್ಕ ಎಣಿಸಿ, ಕಣ್ಣಿಗೊತ್ತಿಕೊಂಡು, ಬ್ಯಾಗಿಗೆ ಹಾಕಿದರು. ನಾನು ದೊಡ್ಡಪ್ಪನ ಜೊತೆ ಜಗಳ ಆಡಿದೆ. ಊರವರ ಮುಂದೆ ಮರ್ಯಾದೆ ಕಳೆದೆ ಅಂತ ಅವರು ಯುಗಾದಿವರೆಗೂ ಫೋನ್ ಎತ್ತಲಿಲ್ಲ. ಈಗ ಎತ್ತುತ್ತಾರೆ, ಆ ವಿಷಯ ಇಬ್ಬರೂ ಎತ್ತಲ್ಲ.

ವಾಪಸ್ ಕುಣಿಗಲ್ ದಾರಿ. ಅಕ್ಕ ತೆಂಗಿನೆಣ್ಣೆ ಹಚ್ಚಿ ಮುಖದ ಬಣ್ಣ ತೆಗೆಯುತ್ತಿದ್ದರು, ಕಾರಿನ ಕನ್ನಡಿ ತಮ್ಮ ಕಡೆ ತಿರುಗಿಸಿಕೊಂಡು. ನನಗೆ ಹಿಂದೆ ಬರೋ ಗಾಡಿ ಕಾಣುತ್ತಿರಲಿಲ್ಲ, ಹೇಳೋಕೂ ಮನಸ್ಸಾಗಲಿಲ್ಲ. ಕುಣಿಗಲ್ ಹತ್ತಿರ ಬಂದಾಗ ನಂಬರ್ ಕೇಳಿದೆ, ಉಳಿದ ಎರಡು ಸಾವಿರ ಫೋನ್‌ಪೇ ಮಾಡ್ತೀನಿ ಅಂದೆ. ಬೇಡ ಅನ್ನಬಹುದು, ನಾನು ಒತ್ತಾಯ ಮಾಡಬೇಕಾಗುತ್ತೆ ಅಂತ ಮನಸ್ಸಲ್ಲೇ ಮಾತು ಜೋಡಿಸಿಕೊಂಡಿದ್ದೆ. ಅವರು ತಕ್ಷಣ ನಂಬರ್ ಹೇಳಿದರು. ಟಿಂಗ್ ಅಂತ ಬಂದ ಮೇಲೆ ನೋಡಿ, ಒಂದು ಸಾವಿರವನ್ನು ಅಲ್ಲೇ ಬೇರೆ ಯಾರಿಗೋ ಕಳಿಸಿದರು.

"ಆ ಹುಡ್ಗೀಗೆ. ಆಸ್ಪತ್ರೇಲವ್ಳಲ್ಲ."

ಬಸ್‌ಸ್ಟ್ಯಾಂಡಲ್ಲಿ ಪೆಟ್ಟಿಗೆ ಇಳಿಸಿಕೊಟ್ಟೆ. ಹುಲಿಯೂರುದುರ್ಗದ ಬಸ್ಸು ನಿಂತಿತ್ತು. ಅವತ್ತು ರಾತ್ರಿ ಆ ಕಡೆಯ ಒಂದು ಹಳ್ಳಿಯಲ್ಲಿ ಮತ್ತೆ ಕುರುಕ್ಷೇತ್ರ. ಕಿಟಕಿ ಪಕ್ಕ ಸೀಟು ಹಿಡಿದು ಕೂತ ಮೇಲೆ ನನ್ನ ಕರೆದರು.

"ರಾತ್ರಿ ಅಭಿಮನ್ಯು ಮಾತು ನೀನು ಹೇಳ್ಕೋತಿದ್ದೆ. ನಾ ನೋಡ್ದೆ, ಬಾಯಿ ಆಡ್ತಿತ್ತು."

"ಉತ್ತರೇದೂ ಬರುತ್ತೆ ಅಕ್ಕ."

"ಹಂಗಾದ್ರೆ ಯಾವಾಗ್ಲಾದ್ರೂ ಫೋನ್ ಮಾಡು. ಹಿಂಗೆ ಕೈ ಕೊಡೋರು ಇದ್ದೇ ಇರ್ತಾರೆ."

ಇವತ್ತು ಯಾವ ಪಾತ್ರ ಅಂತ ಕೇಳಿದೆ.

"ಬರೀ ಕುಂತಿ. ಇವತ್ತು ರೆಸ್ಟು" ಅಂದರು. ಬಸ್ಸು ರಿವರ್ಸ್ ತೆಗೆಯುವಷ್ಟರಲ್ಲಿ ನಿದ್ದೆ ಹೋಗಿದ್ದರು, ಕಿವಿ ಹಿಂದೆ ಇನ್ನೂ ಒಂಚೂರು ಬಣ್ಣ ಇತ್ತು.